ದೊಡ್ಡವಳಾದ ಪ್ರಯುಕ್ತ

ನನ್ನ ಗಂಡ ಮುರಾರಿ ಘಣಸೋಲಿಯ ಕಂಪನಿಯೊಂದರಲ್ಲಿ ನೂರಾರು ಜನರ ಕಂಪ್ಯೂಟರುಗಳನ್ನು ಕೂತಲ್ಲಿಂದಲೇ ಸರಿಮಾಡುವ ಮನುಷ್ಯ. ಅಂಥವನಿಗೆ ವಾಟ್ಸಾಪಿನಲ್ಲಿ ಒಂದು ಕಾರ್ಡನ್ನು ಸರಿಯಾದ ಗ್ರೂಪಿಗೆ ಕಳಿಸಲು ಬರಲಿಲ್ಲ. 'ಮೈಸೂರು ಮನೆ' ಎಂಬ ನಮ್ಮ ನೆಂಟರ ಗ್ರೂಪಿಗೆ ಹೋಗಬೇಕಾದದ್ದು 'ಮಂಗಲಛಾಯಾ ಸೊಸೈಟಿ' ಎಂಬ ಬಿಲ್ಡಿಂಗಿನ ಗ್ರೂಪಿಗೆ ಹೋಯಿತು. ಎರಡೂ ಒಂದರ ಕೆಳಗೊಂದು ಇದ್ದವಂತೆ, ಬೆರಳು ಜಾರಿತಂತೆ. ಡೊಂಬಿವಲಿ ಪೂರ್ವದ ಈ ಬಿಲ್ಡಿಂಗಿನಲ್ಲಿ ಐವತ್ತಾರು ಮನೆಗಳಿವೆ. ಕನ್ನಡ ಓದಬಲ್ಲವರು ನಾವು ಮಾತ್ರ, ಅದರಲ್ಲೂ ನಮ್ಮ ಮಗಳು ಅಕ್ಷರ ಕೂಡಿಸಿ ಕೂಡಿಸಿ ಓದುತ್ತಾಳೆ.

ಕಾರ್ಡಿನಲ್ಲಿ ಇದ್ದದ್ದು ಇಷ್ಟು: 'ನಮ್ಮ ಮಗಳು ಕು. ಅಪರ್ಣಾ ದೊಡ್ಡವಳಾದ ಪ್ರಯುಕ್ತ ಭಾನುವಾರ ಬೆಳಿಗ್ಗೆ ಒಂಬತ್ತು ಗಂಟೆಗೆ ಸೊಸೈಟಿಯ ಹಾಲಿನಲ್ಲಿ ಆರತಿ ಶಾಸ್ತ್ರ. ತಾವೆಲ್ಲರೂ ಬಂದು ಹರಸಬೇಕು.' ಸುತ್ತ ಗುಲಾಬಿ ಹೂಗಳು, ಮೂಲೆಯಲ್ಲಿ ಒಂದು ನವಿಲು.

ಮುರಾರಿ ತಪ್ಪು ಕಂಡು ಅಳಿಸಲು ಹೋಗುವ ಹೊತ್ತಿಗೆ ಸೊಸೈಟಿಯ ಸೆಕ್ರೆಟರಿ ದಿಲೀಪ್ ಕಾಕಾ ಅದನ್ನು ಫೋನಿಗೆ ಕೊಟ್ಟು ಮರಾಠಿ ಮಾಡಿಸಿಯಾಗಿತ್ತು. ನಮ್ಮ ಕಡೆ ಹುಡುಗಿ ಮೊದಲ ಸಲ ಮುಟ್ಟಾದರೆ 'ದೊಡ್ಡವಳಾದಳು' ಅನ್ನುತ್ತಾರೆ ಎಂಬುದು ಆ ಫೋನಿಗೆ ಎಲ್ಲಿ ತಿಳಿಯಬೇಕು? 'ನಮ್ಮ ಮಗಳು ಅಪರ್ಣಾ ದೊಡ್ಡ ವ್ಯಕ್ತಿಯಾದ ನಿಮಿತ್ತ' ಎಂದು ಅದು ತಿರುಗಿಸಿ ಕೊಟ್ಟಿತು. ದಿಲೀಪ್ ಕಾಕಾ ಗ್ರೂಪಿನಲ್ಲಿ ಹತ್ತು ಚಪ್ಪಾಳೆ ಒತ್ತಿದರು. ಅವರ ಹಿಂದೆ ಐವತ್ತು ಮನೆಯವರು ಒತ್ತಿದರು. ಮರುದಿನ ಬೆಳಿಗ್ಗೆ ಗೇಟಿನ ಬಳಿಯ ಕಪ್ಪು ಹಲಗೆಯ ಮೇಲೆ ಬಣ್ಣದ ಸೀಮೆಸುಣ್ಣದಲ್ಲಿ ನನ್ನ ಮಗಳಿಗೆ ಹಾರ್ದಿಕ ಅಭಿನಂದನೆ ಬರೆದಿತ್ತು.

ಇದು ನಗುವ ವಿಷಯವೇ. ನಾನೂ ಈಗ ನಗುತ್ತೇನೆ. ಆಗ ನಗು ಬರಲಿಲ್ಲ, ಏಕೆಂದರೆ ಆ ಕಾರ್ಡಿನ ಹಿಂದೆ ಮೂರು ವಾರಗಳಿಂದ ನಡೆಯುತ್ತಿದ್ದದ್ದು ನಗುವಂಥದ್ದಾಗಿರಲಿಲ್ಲ. ಅದರಲ್ಲಿ ನನ್ನ ಪಾಲೂ ಇತ್ತು.

ಅಪರ್ಣಾಗೆ ಹದಿಮೂರು ತುಂಬಿ ನಾಲ್ಕು ತಿಂಗಳು. ಅವಳ ಪ್ರಾಣ ಇರುವುದು ಡೋಲಿನಲ್ಲಿ. ನಮಗೆ ಯುಗಾದಿಯಾದ ದಿನ ಇಲ್ಲಿಯವರಿಗೆ ಗುಡಿಪಾಡ್ವಾ. ಅಂದು ಬೆಳಿಗ್ಗೆ ಡೊಂಬಿವಲಿಯ ರಸ್ತೆಗಳಲ್ಲಿ ದೊಡ್ಡ ಮೆರವಣಿಗೆ, ಮೆರವಣಿಗೆಯಲ್ಲಿ ಡೋಲು ಬಾರಿಸುವ ಪಥಕಗಳು, ಅಂದರೆ ತಂಡಗಳು. ಐವತ್ತು ಅರವತ್ತು ಜನ ಗಂಡು ಹೆಣ್ಣು ಸೊಂಟಕ್ಕೆ ಡೋಲು ಬಿಗಿದುಕೊಂಡು ಒಂದೇ ತಾಳಕ್ಕೆ ಬಾರಿಸುವಾಗ ನೋಡುವವರ ಎದೆ ನಡುಗುತ್ತದೆ. ಅಪರ್ಣಾ ಅಂಥ ಒಂದು ಪಥಕ ಸೇರಿ ಇದು ಮೂರನೆಯ ವರ್ಷ. ಮೊದಲ ವರ್ಷ ಕೈಗೆ ಬಾವುಟ ಕೊಟ್ಟರು. ಎರಡನೆಯ ವರ್ಷ ತಾಳ ಕೊಟ್ಟರು. ಈ ವರ್ಷ ಡೋಲು ಕೊಟ್ಟರು, ಎರಡನೆಯ ಸಾಲಿನ ಎಡತುದಿ. ಆ ದಿನ ಅವಳು ಸ್ಟೇಷನ್ನಿನ ಸೇತುವೆಯನ್ನು ಓಡಿಕೊಂಡೇ ದಾಟಿ ನಾನು ಆಫೀಸಿನಿಂದ ಬರುವ ಲೋಕಲ್ ರೈಲಿನ ಪ್ಲಾಟ್‌ಫಾರ್ಮಿಗೆ ಬಂದು ನಿಂತಿದ್ದಳು. ಸಂಜೆಯ ಅಷ್ಟು ಜನರ ನಡುವೆ ನನ್ನನ್ನು ಹಿಡಿದು ಕುಣಿಸಿದ್ದಳು.

ತಾಲೀಮು ಮುಗಿಸಿ ಬಂದ ಒಂದು ದಿನ ಬಾತ್‌ರೂಮಿಗೆ ಹೋದವಳು ಹೊರಗೆ ಬಂದು, "ಮಮ್ಮಾ, ಆಯ್ತು. ನಿನ್ ಪ್ಯಾಡ್ ತಗೊಂಡೆ," ಅಂದಳು. ಶಾಲೆಯಲ್ಲಿ ಎಲ್ಲ ಹೇಳಿಕೊಟ್ಟಿದ್ದರು. ನಾನು ತಲೆ ಸವರಿದೆ. ಅವಳು ಎರಡು ತಟ್ಟೆ ಅವಲಕ್ಕಿ ತಿಂದು ಗಣಿತದ ಲೆಕ್ಕ ಮಾಡಲು ಕೂತಳು. ವಿಷಯ ಅಲ್ಲಿಗೆ ಮುಗಿಯಬೇಕಿತ್ತು.

ಮುಗಿಸದೆ ಹೋದವಳು ನಾನೇ. ಮೈಸೂರಿನಲ್ಲಿರುವ ಅತ್ತೆ ವಿಮಲಮ್ಮನಿಗೆ ಫೋನು ಮಾಡಿ ಹೇಳಿದೆ. ಏಕೆ ಹೇಳಿದೆ? ಹೇಳಬೇಕು ಎಂಬ ರೂಢಿ, ಅಷ್ಟೆ. ನಾಲ್ಕನೆಯ ದಿನ ಅತ್ತೆ ಒಂದು ಚೀಲ ಕೊಬ್ಬರಿ, ಒಂದು ಚೀಲ ಎಳ್ಳು, ಬೆಲ್ಲ, ತುಪ್ಪದ ಡಬ್ಬಿ ಹೊತ್ತು ಕಲ್ಯಾಣ ಸ್ಟೇಷನ್ನಿನಲ್ಲಿ ಇಳಿದರು. ಮನೆಗೆ ಬಂದು ಕೈಕಾಲು ತೊಳೆದವರೇ ಗೋಡೆಗೆ ಒರಗಿಸಿದ್ದ ಡೋಲನ್ನು ನೋಡಿದರು.

"ಇದೇನೇ ಯಾಮಿನಿ ಇದು?"

"ಅಪರ್ಣಾದು ಅತ್ತೆ. ಪಾಡ್ವಾಕ್ಕೆ ಬಾರಿಸ್ತಾಳೆ."

"ಹೊಟ್ಟೆಗೆ ಇದನ್ನ ಕಟ್ಕೊಂಡು ಬೀದೀಲಿ ಕುಣೀತಾಳಾ? ಚೆನ್ನಾಗದೆ! ಇಷ್ಟು ದಿನ ಮಗು ಅಂತ ಬಿಟ್ಟಿದ್ರಿ, ಹೋಗ್ಲಿ. ಈಗ ದೊಡ್ಡೋಳಾಗಿದ್ದಾಳೆ. ಗರ್ಭಕೋಶ ಜಾರಿದ್ರೆ ನಾಳೆ ಯಾರು ಜವಾಬ್ದಾರಿ?"

ಅಂದಿನಿಂದ ನಮ್ಮ ಮನೆಯಲ್ಲಿ ಎಲ್ಲದಕ್ಕೂ ಆ ಒಂದೇ ಮಾತು. ಸೈಕಲ್ಲು ಬೇಡ, ದೊಡ್ಡವಳಾಗಿದ್ದಾಳೆ. ಗ್ಯಾಲರಿಯಲ್ಲಿ ನಿಂತು ಕೂಗಿ ಗೆಳತಿಯರನ್ನು ಕರೆಯುವುದು ಬೇಡ, ದೊಡ್ಡವಳಾಗಿದ್ದಾಳೆ. ಟ್ಯೂಷನ್ನಿಗೆ ಒಬ್ಬಳೇ ಹೋಗಬಾರದು, ಮನೆಯಲ್ಲೂ ದುಪಟ್ಟಾ ಹಾಕಬೇಕು, ಅಪ್ಪನ ಪಕ್ಕ ಸೋಫಾದಲ್ಲಿ ಕಾಲು ಚಾಚಬಾರದು. ಹತ್ತನೆಯ ಮಾಳಿಗೆಯ ಹೆಂಗಸೂ ಲಿಫ್ಟಿನಲ್ಲಿ ಸಿಕ್ಕಾಗ, ಮೊಡವೆಗೆ ಹಚ್ಚಲು ಇಂಥದ್ದು ಒಳ್ಳೆಯದು, ಈಗಿನಿಂದ ಬಣ್ಣ ನೋಡಿಕೊಳ್ಳಬೇಕು, ಬಿಸಿಲಿನಲ್ಲಿ ತಾಲೀಮು ಮಾಡಿ ಕಪ್ಪಾಗಿದ್ದಾಳೆ ಎಂದು ನನಗೆ ಹೇಳಿದಳು, ಮಗಳು ಎದುರಿಗೇ ನಿಂತಿದ್ದರೂ. ಇವರೆಲ್ಲ ಸೇರಿ ಒಂದು ಮೀಟಿಂಗು ಮಾಡಿ ಬಂದಿದ್ದಾರೋ ಎಂದು ನನಗೆ ಅನುಮಾನ ಬಂದಿತ್ತು.

ಅಪರ್ಣಾ ಮೊದಲು ಸಿಟ್ಟಾಗಲಿಲ್ಲ. ಅರ್ಥವಾಗದೆ ಕೇಳಿದಳು.

"ಅಜ್ಜಿ, ಏಕ್ ಬಾತ್ ಬತಾವೋ. ದೊಡ್ಡವಳಾದ್ರೆ ಜಾಸ್ತಿ ಸಿಗಬೇಕು ನಾ? ಚಿಕ್ಕವಳಿದ್ದಾಗ ಎಲ್ಲ ಮಾಡ್ತಿದ್ದೆ, ಅಬ್ ಬಡೀ ಹೋ ಗಯೀ ತೋ ಸಬ್ ಬಂದ್?"

"ಬಾಯಿ ನೋಡು ಇದರದ್ದು," ಅಂದರು ಅತ್ತೆ, ನನ್ನ ಕಡೆ ತಿರುಗಿ.

ಮುರಾರಿ ಪೇಪರಿನ ಹಿಂದಿನಿಂದ, "ಅಮ್ಮ ಇರೋದು ಮೂರೇ ವಾರ. ಸುಮ್ನಿರಿ ಇಬ್ರೂ," ಅಂದ. ಸುಮ್ಮನಿರುವುದು ಅವನಿಗೆ ಸುಲಭ. ಅವನ ಯಾವುದನ್ನೂ ಯಾರೂ ಕಿತ್ತುಕೊಂಡಿರಲಿಲ್ಲ.

ಪಥಕದಲ್ಲಿ ಒಂದು ನಿಯಮವಿದೆ. ನಾಲ್ಕು ತಾಲೀಮು ತಪ್ಪಿಸಿದವರ ಜಾಗ ಕಾಯುತ್ತಿರುವ ಇನ್ನೊಬ್ಬರಿಗೆ ಹೋಗುತ್ತದೆ, ಆ ವರ್ಷಕ್ಕೆ ಅವರು ಹೊರಗೆ. ಅಪರ್ಣಾ ಒಂದು ತಪ್ಪಿಸಿದಳು, ಎರಡು ತಪ್ಪಿಸಿದಳು. ಪಥಕದ ಮುಖ್ಯಸ್ಥ ಅಭಯ್ ದಾದಾ ನನಗೆ ಫೋನು ಮಾಡಿ ಏನಾಯಿತು ಎಂದು ಕೇಳಿದ. ಆಗ ಅತ್ತೆ ನನ್ನ ಎದುರಿಗೇ ಕೂತು ಎಳ್ಳು ಆರಿಸುತ್ತಿದ್ದರು.

"ಟೈಫಾಯ್ಡ್," ಅಂದೆ.

ಅತ್ತೆ ಎಳ್ಳಿನಿಂದ ತಲೆ ಎತ್ತದೆಯೇ ಮೆಚ್ಚಿದರು. ಅಪರ್ಣಾ ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಳು. ಎರಡು ದಿನ ನನ್ನ ಜೊತೆ ಮಾತು ಬಿಟ್ಟಳು. ನನ್ನ ಮೇಲೆ ನನಗೇ ಹೇಸಿಗೆಯಾಯಿತು.

ಯಾಕೆಂದರೆ ನನಗೆ ಇದು ಗೊತ್ತಿಲ್ಲದ್ದೇನಲ್ಲ. ನಂಜನಗೂಡಿನಲ್ಲಿ ನಾನು ಎಂಟನೆಯ ಕ್ಲಾಸಿನಲ್ಲಿ ಖೋಖೋ ಆಡುತ್ತಿದ್ದೆ, ಜಿಲ್ಲಾ ಮಟ್ಟಕ್ಕೆ ಆರಿಸಿದ್ದರು. ದೊಡ್ಡವಳಾದೆ ಎಂದು ಹಸೆಯ ಮೇಲೆ ಕೂರಿಸಿ, ಎಳ್ಳು ಬೆಲ್ಲದ ಚಿಗಳಿ ತಿನ್ನಿಸಿ, ಹಾಡು ಹೇಳಿ ಆರತಿ ಎತ್ತಿದರು. ಮುಂದಿನ ವಾರ ನನ್ನ ಆಟದ ಚಡ್ಡಿಯನ್ನು ಚಿಕ್ಕಪ್ಪನ ಮಗನಿಗೆ ಕೊಟ್ಟರು. ನಮ್ಮಮ್ಮ ಅಲ್ಲೇ ನಿಂತಿದ್ದಳು, ಒಂದು ಮಾತು ಆಡಲಿಲ್ಲ. ಮೂವತ್ತು ವರ್ಷವಾದರೂ ಆ ಮೌನಕ್ಕಾಗಿ ನಾನು ಅವಳನ್ನು ಕ್ಷಮಿಸಿಲ್ಲ. ಈಗ ನಾನೂ ಅದೇ ಜಾಗದಲ್ಲಿ ನಿಂತು, ಅವಳಿಗಿಂತ ಒಂದು ಹೆಜ್ಜೆ ಮುಂದೆ ಹೋಗಿ ಸುಳ್ಳು ಬೇರೆ ಹೇಳಿದ್ದೆ.

ಮೂರನೆಯ ತಾಲೀಮೂ ತಪ್ಪಿತು. ನಾಲ್ಕನೆಯದು ಭಾನುವಾರ ಹನ್ನೊಂದು ಗಂಟೆಗೆ. ಆರತಿಯೂ ಅದೇ ಭಾನುವಾರ. ಇಂಥ ಸಮಯಕ್ಕೆ ಸರಿಯಾಗಿ ಮುರಾರಿಯ ಕಾರ್ಡು ಬಿಲ್ಡಿಂಗಿಗೆಲ್ಲ ಹೋದದ್ದು.

ಶುಕ್ರವಾರ ಸಂಜೆ ದಿಲೀಪ್ ಕಾಕಾ ಮನೆಗೇ ಬಂದರು. ನಿವೃತ್ತರಾದ ಮೇಲೆ ಸೊಸೈಟಿಯೇ ಅವರ ಸಂಸಾರ. ಕೈಯಲ್ಲಿ ಪೇಢೆಯ ಡಬ್ಬಿ ಹಿಡಿದು, ಮುಖದ ತುಂಬ ಸಂತೋಷ ಇಟ್ಟುಕೊಂಡು ಕೇಳಿದರು.

"ಮುರಾರಿ ಭಾವೂ, ಎಲ್ಲರೂ ನನ್ನನ್ನೇ ಕೇಳ್ತಾ ಇದಾರೆ. ಕಸಲೀ ಪರೀಕ್ಷಾ? ಯಾವ ಪರೀಕ್ಷೆ ಗೆದ್ದಳು ನಮ್ಮ ಅಪರ್ಣಾ?"

ಮುರಾರಿ ನನ್ನ ಮುಖ ನೋಡಿದ, ಅಮ್ಮನ ಮುಖ ನೋಡಿದ, ಫ್ಯಾನು ನೋಡಿದ. ಕೊನೆಗೆ, "ಅದು... ಸ್ಕಾಲರ್‌ಶಿಪ್," ಅಂದ.

ದಿಲೀಪ್ ಕಾಕಾ ಅಪರ್ಣಾಳ ಬಾಯಿಗೆ ಪೇಢೆ ಇಟ್ಟು, ಭಾನುವಾರ ಎಲ್ಲರೂ ಬರುತ್ತೇವೆ ಎಂದು ಹೇಳಿ ಹೋದರು. ಬಾಗಿಲು ಮುಚ್ಚಿತು. ಅಪರ್ಣಾ ಪೇಢೆಯನ್ನು ಬಾಯಿಂದ ತೆಗೆದು ಕೈಯಲ್ಲಿ ಹಿಡಿದುಕೊಂಡಳು.

"ಪಪ್ಪಾ, ಕನ್ನಡದಲ್ಲಿ ಕಾರ್ಡ್, ಮರಾಠಿಯಲ್ಲಿ ಸ್ಕಾಲರ್‌ಶಿಪ್? ಖುಷಿ ಕೀ ಬಾತ್ ಹೈ ಯಾ ನಾಚಿಕೆ ಕೀ ಬಾತ್? ಯಾವುದಾದ್ರೂ ಒಂದು ಹೇಳಿ ನಾ."

"ಅದೆಲ್ಲ ಹೊರಗಿನವರಿಗೆ ಹೇಳೋದಲ್ಲ ಪುಟ್ಟಿ," ಅಂದ ಮುರಾರಿ.

"ಹೇಳೋದಲ್ಲ ಅಂದ್ರೆ ನವಿಲು ಯಾಕೆ ಹಾಕಿದ್ರಿ?"

ಮುರಾರಿ ಪೇಢೆಯ ಡಬ್ಬಿ ಮುಚ್ಚತೊಡಗಿದ. ಉತ್ತರ ಕೊಟ್ಟವರು ಅತ್ತೆ. "ಹೆಣ್ಮಕ್ಳು ಇಷ್ಟು ಮಾತಾಡಬಾರದು," ಅಂದರು.

ಭಾನುವಾರ ಬಂತು. ನಮ್ಮ ನೆಂಟರು ಹೆಚ್ಚಿಲ್ಲ. ಠಾಣೆಯಿಂದ ಒಂದು ಮನೆ, ಕಲ್ಯಾಣದಿಂದ ಎರಡು ಮನೆ, ಎಲ್ಲ ಸೇರಿ ಹನ್ನೆರಡು ಜನ. ಬಿಲ್ಡಿಂಗಿನವರು ಅರವತ್ತಕ್ಕೂ ಹೆಚ್ಚು ಬಂದರು, ಕೆಲವರ ಕೈಯಲ್ಲಿ ಹೂಗುಚ್ಛ, ಒಬ್ಬರ ಕೈಯಲ್ಲಿ ಸುತ್ತಿದ ಪುಸ್ತಕಗಳು. ಹಸೆಯ ಮಣೆಯ ಮೇಲೆ ಅಪರ್ಣಾ ಹಸಿರು ರೇಷ್ಮೆ ಲಂಗದಲ್ಲಿ ಕೂತಿದ್ದಳು. ತಲೆಯ ತುಂಬ ಹೂ, ಮಡಿಲಲ್ಲಿ ತೆಂಗಿನಕಾಯಿ. ಅವಳ ಕಣ್ಣು ಮಾತ್ರ ಗೋಡೆಯ ಗಡಿಯಾರದ ಮೇಲಿತ್ತು.

ಅತ್ತೆ ಹಾಡು ಹೇಳಿದರು. ಕಲ್ಯಾಣದ ಹೆಂಗಸರು ಆರತಿ ಎತ್ತಿದರು. ಮರಾಠಿ ಹೆಂಗಸರಿಗೂ ಇದು ಚೆನ್ನಾಗಿದೆ ಅನ್ನಿಸಿ ಸಾಲಾಗಿ ಬಂದು ಕುಂಕುಮ ಇಟ್ಟು, "ಹುಷಾರ್ ಮುಲಗೀ," ಜಾಣ ಹುಡುಗಿ, ಎಂದು ಬೆನ್ನು ತಟ್ಟಿದರು. ಹತ್ತೂಕಾಲಿಗೆ ದಿಲೀಪ್ ಕಾಕಾ ಮೈಕು ಹಿಡಿದು ಎದ್ದುನಿಂತರು. ನಮ್ಮ ಬಿಲ್ಡಿಂಗಿನ ಹೆಸರನ್ನು ಬೆಳಗಿದ ಮಗಳು, ಪರರಾಜ್ಯದಿಂದ ಬಂದರೂ ನಮ್ಮವರೇ ಆದ ಕುಟುಂಬ ಎಂದೆಲ್ಲ ಮೂರು ನಿಮಿಷ ಹೊಗಳಿ, ಮೈಕನ್ನು ಅವಳ ಬಾಯಿಯ ಹತ್ತಿರ ಹಿಡಿದರು.

"ದೋನ್ ಶಬ್ದ್ ಬೋಲ್ ಬೇಟಾ. ಈ ಸಾಧನೆ ಹೇಗಾಯಿತು, ಹೇಳು."

ಮುರಾರಿ ಕುರ್ಚಿಯಿಂದ ಅರ್ಧ ಎದ್ದ. ಅಪರ್ಣಾ ಪೂರ್ತಿ ಎದ್ದಳು. ಮಡಿಲಿನ ತೆಂಗಿನಕಾಯಿಯನ್ನು ಮಣೆಯ ಮೇಲಿಟ್ಟು ಮೈಕು ತೆಗೆದುಕೊಂಡಳು.

"ಸ್ಕಾಲರ್‌ಶಿಪ್ ಏನೂ ಇಲ್ಲ ಕಾಕಾ," ಎಂದು ಶುದ್ಧ ಮರಾಠಿಯಲ್ಲಿ ಶುರುಮಾಡಿದಳು. "ಮಲಾ ಪಾಳಿ ಆಲೀ. ನನಗೆ ಮೊದಲ ಸಲ ಪಿರಿಯಡ್ಸ್ ಬಂತು. ಈ ಕಾರ್ಯಕ್ರಮ ಅದಕ್ಕೇ."

ಮೈಕು ಕೊಟ್ಟ ದಿಲೀಪ್ ಕಾಕಾರ ಕೈ ಗಾಳಿಯಲ್ಲಿ ಹಾಗೇ ಇತ್ತು. ಹಿಂದಿನ ಸಾಲಿನಲ್ಲಿ ಅವಳ ಕ್ಲಾಸಿನ ಇಬ್ಬರು ಹುಡುಗರು ತಲೆ ತಗ್ಗಿಸಿದರು. ಅವಳ ಕಿವಿ ಕೆಂಪಾಗಿತ್ತು, ಆದರೆ ಅವಳು ನಿಲ್ಲಿಸಲಿಲ್ಲ. ಅಜ್ಜಿಗೆ ತಿಳಿಯಲಿ ಎಂದು ಈಗ ಕನ್ನಡಕ್ಕೆ ತಿರುಗಿದಳು.

"ಕಾರ್ಡಲ್ಲಿ ದೊಡ್ಡವಳಾದಳು ಅಂತ ಬರೆದಿದ್ದಾರೆ. ಮೂರು ವಾರ ಆಯ್ತು. ದೊಡ್ಡವಳಾದ ಮೇಲೆ ಸೈಕಲ್ ಹೋಯ್ತು, ಒಬ್ಬಳೇ ಹೋಗೋದು ಹೋಯ್ತು, ಡೋಲೂ ಹೋಯ್ತು. ನನ್ನ ಮಮ್ಮಾ ಪಥಕಕ್ಕೆ ಟೈಫಾಯ್ಡ್ ಅಂತ ಹೇಳಿದಾಳೆ. ನಂಗೆ ಟೈಫಾಯ್ಡ್ ಇಲ್ಲ. ನಂಗೇನೂ ಆಗಿಲ್ಲ. ಹನ್ನೊಂದು ಗಂಟೆಗೆ ತಾಲೀಮು ಇದೆ. ದೊಡ್ಡವಳು ನಾನೇ ಆದ್ರೆ ನಾನೇ ಡಿಸೈಡ್ ಮಾಡ್ತೀನಿ. ಮೈಂ ಜಾ ರಹೀ ಹೂಂ, ಹೊರಟೆ."

"ಅಯ್ಯೋ ಮಾನ ಕಳೆದ್ಲಲ್ಲೋ ಮುರಾರಿ!" ಎಂದು ಅತ್ತೆ ಹಣೆ ಬಡಿದುಕೊಂಡರು. "ಗಂಡಸರ ಮುಂದೆ, ಮೈಕಲ್ಲಿ!"

ಆಗ ನೆಲಮಹಡಿಯ ಚಂದ್ರಬಾಯಿ ಮಾತಾಡಿದರು. ಎಂಬತ್ತರ ಮುದುಕಿ, ಕಿವಿ ಸ್ವಲ್ಪ ಮಂದ, ಆದ್ದರಿಂದ ಏನು ಹೇಳಿದರೂ ಎಲ್ಲರಿಗೂ ಕೇಳಿಸುವಂತೆ ಹೇಳುತ್ತಾರೆ. "ಹೋ, ಇದಾ ವಿಷಯ! ನಮ್ಮ ಕಡೆ ಇದಕ್ಕೆ ಮುಲಗೀ ಶಹಾಣೀ ಝಾಲೀ ಅನ್ನೋದು, ಹುಡುಗಿ ಜಾಣೆಯಾದಳು ಅಂತ. ನನಗೂ ಹಾಗೇ ಅಂದರು, ಅಂದ ಮರುದಿನವೇ ಶಾಲೆ ಬಿಡಿಸಿದರು." ಆಮೇಲೆ ಕೈಯಲ್ಲಿದ್ದ ಹೂಗುಚ್ಛವನ್ನು ನೋಡಿ, ಪಕ್ಕದವಳ ಕೈಗೆ ಕೊಟ್ಟು, "ಕೊಡೇ ಅವಳಿಗೆ, ಹೋಗೋ ಹುಡುಗೀನ ಎಷ್ಟು ಹೊತ್ತು ನಿಲ್ಲಿಸ್ತೀರಿ," ಎಂದು ಗದರಿದರು.

ಕೆಲವರು ನಕ್ಕರು, ಕೆಲವರು ಎದ್ದು ಹೊರಟರು. ದಿಲೀಪ್ ಕಾಕಾ ಕೆಮ್ಮಿ, ಮೈಕಿಲ್ಲದೆಯೇ, "ಅಭಿನಂದನೆ ಅಭಿನಂದನೆಯೇ. ಹಲಗೆ ಒರೆಸೋದಿಲ್ಲ," ಅಂದರು. ಅತ್ತೆ ನನ್ನ ತೋಳು ಹಿಡಿದರು.

"ತಡಿಯೇ ಅವಳನ್ನ. ತಾಯಿ ನೀನು. ನೀನು ಹೇಳಿದ್ರೆ ನಿಲ್ತಾಳೆ."

ನಿಜ, ನಾನು ಹೇಳಿದ್ದರೆ ನಿಲ್ಲುತ್ತಿದ್ದಳು. ಬಾಗಿಲ ತನಕ ಹೋಗಿ ತಿರುಗಿ ನನ್ನನ್ನೇ ನೋಡುತ್ತಿದ್ದಳು. ಅಷ್ಟು ಜನರ ಮುಂದೆ ಅಷ್ಟೆಲ್ಲ ಆಡಿದ ಹುಡುಗಿ, ಹದಿಮೂರರ ಹುಡುಗಿ, ನನ್ನ ಒಂದು ಮಾತಿಗೆ ಕಾಯುತ್ತಿದ್ದಳು.

"ನಾನು ಯಾಕೆ ತಡೀಲಿ ಅತ್ತೆ? ನನ್ನನ್ನ ತಡೆದಿದ್ದು ಸಾಕಾಗಿಲ್ವಾ?" ಅಂದೆ. ದನಿ ಇಷ್ಟು ಜೋರಾಗಿ ಬರುತ್ತದೆ ಎಂದು ನನಗೇ ಗೊತ್ತಿರಲಿಲ್ಲ. ಮುರಾರಿಗೆ, "ಡೋಲು ಕೆಳಗೆ ತಗೊಂಡ್ ಬಾ," ಅಂದೆ. ಅವನು ಅಮ್ಮನ ಕಡೆ ನೋಡಿದ. "ಅಲ್ಲಿ ನೋಡಬೇಡ. ಲಿಫ್ಟಿನ ಕಡೆ ನೋಡು," ಅಂದೆ. ಹೋಗಿ ತಂದ.

ರಿಕ್ಷಾದಲ್ಲಿ ಡೋಲಿಗೇ ಅರ್ಧ ಜಾಗ ಬೇಕಾಯಿತು. ರೇಷ್ಮೆ ಲಂಗವನ್ನು ಮೊಣಕಾಲಿನ ತನಕ ಎತ್ತಿ ಕೂತ ಅಪರ್ಣಾ ತಲೆಯ ಹೂವನ್ನು ಒಂದೊಂದೇ ಕಿತ್ತು ಮಡಿಲಲ್ಲಿ ಹಾಕಿಕೊಳ್ಳುತ್ತಿದ್ದಳು. ಫ್ಯಾಕ್ಟರಿಗಳ ಕಡೆಯ ಮೈದಾನಕ್ಕೆ ಬಂದು ಇಳಿದಾಗ ಎಂದಿನ ಕೆಮಿಕಲ್ ವಾಸನೆ ಮೂಗಿಗೆ ಬಡಿಯಿತು. ಪಥಕದವರು ಸಾಲು ನಿಂತಾಗಿತ್ತು. ಎರಡನೆಯ ಸಾಲಿನ ಎಡತುದಿಯಲ್ಲಿ ಬೇರೆ ಒಬ್ಬ ಹುಡುಗಿ ಡೋಲು ಕಟ್ಟಿಕೊಂಡು ನಿಂತಿದ್ದಳು.

ಅಭಯ್ ದಾದಾ ನಮ್ಮ ಬಳಿಗೆ ಬಂದ. ಲಂಗ ನೋಡಿದ, ಹಣೆಯ ಕುಂಕುಮ ನೋಡಿದ, ಆಮೇಲೆ ನನ್ನನ್ನು ನೋಡಿದ.

"ತಾಯೀ, ಟೈಫಾಯ್ಡ್ ಅಂದಿದ್ರಲ್ಲ. ಟೈಫಾಯ್ಡ್ ಅಂದ್ರೆ ತಿಂಗಳು ಎದ್ದೇಳಲ್ಲ ಅಂತ ನಾನು ಅವಳ ಜಾಗ ಕೊಟ್ಟುಬಿಟ್ಟೆ. ಕಾಯಿಲೆ ಮಗೂನ ಯಾಕೆ ಕರ್ಕೊಂಡು ಬಂದ್ರಿ?"

ಅಪರ್ಣಾಳ ಮುಖ ಇಳಿಯಿತು. ಬಿಲ್ಡಿಂಗಿಗೆಲ್ಲ ಎದುರು ನಿಂತು ಬಂದವಳು ನನ್ನ ಒಂದು ಸುಳ್ಳಿನ ಮುಂದೆ ಸೋತುಹೋಗುವ ಹಾಗಿದ್ದಳು. ಸಾಲಿನಲ್ಲಿದ್ದ ಐವತ್ತು ಜನ ಕೋಲು ತಗ್ಗಿಸಿ ನಮ್ಮ ಕಡೆ ನೋಡುತ್ತಿದ್ದರು. ಹೇಳಬೇಕಾದದ್ದನ್ನು ನಾನು ಗುಟ್ಟಾಗಿ ಹೇಳಬಹುದಿತ್ತು.

"ಮೀ ಖೋಟಂ ಬೋಲಲೇ," ಅಂದೆ, ಎಲ್ಲರಿಗೂ ಕೇಳಿಸುವ ಹಾಗೆ. "ಸುಳ್ಳು ಹೇಳಿದ್ದು ನಾನು. ಅವಳಿಗೆ ಯಾವ ಕಾಯಿಲೆಯೂ ಇಲ್ಲ, ಇರಲೂ ಇಲ್ಲ. ಮುಟ್ಟಾಗಿದ್ದಳು. ಅದಕ್ಕೆ ಮನೆಯಲ್ಲಿ ಕೂರಿಸಿದ್ದು ನಾವು. ಶಿಕ್ಷೆ ಕೊಡೋದಾದ್ರೆ ನನಗೆ ಕೊಡಿ, ಅವಳಿಗೆ ಬೇಡ."

ಅಭಯ್ ದಾದಾ ಸ್ವಲ್ಪ ಹೊತ್ತು ಗಡ್ಡ ಕೆರೆದುಕೊಂಡ. ಸಾಲಿನಲ್ಲಿದ್ದ ಹುಡುಗಿಯರಲ್ಲಿ ಒಬ್ಬಳು, "ದಾದಾ, ನಾನೂ ಇವತ್ತು ಅದರಲ್ಲೇ ಬಾರಿಸ್ತಾ ಇದೀನಿ," ಎಂದು ಕೂಗಿದಳು. ಇನ್ನೊಬ್ಬಳು ಕೋಲು ಎತ್ತಿ ತೋರಿಸಿದಳು. ಅವನು ಕೈ ಬೀಸಿ ಅವರನ್ನು ಸುಮ್ಮನಿರಿಸಿದ.

"ಕೊಟ್ಟ ಜಾಗ ವಾಪಸ್ ತಗೊಳ್ಳಲ್ಲ. ಕಡೇ ಸಾಲಿನಲ್ಲಿ ನಿಲ್ಲು. ಇವತ್ತಿನ ತಾಲೀಮು ಎರಡು ಗಂಟೆ. ಎಲ್ಲೂ ನಿಲ್ಲಿಸದೆ ಬಾರಿಸಿದ್ರೆ ಪಾಡ್ವಾಕ್ಕೆ ಇದ್ದೀಯ. ಕೈ ಇಳಿಸಿದ್ರೆ ಮುಂದಿನ ವರ್ಷ."

ಕಡೆಯ ಸಾಲಿಗೆ ನೆರಳಿಲ್ಲ. ಅಪರ್ಣಾ ಚಪ್ಪಲಿ ಬಿಟ್ಟು, ಲಂಗವನ್ನು ಕಚ್ಚೆಯ ಹಾಗೆ ಸಿಕ್ಕಿಸಿ, ಡೋಲನ್ನು ಹೊಟ್ಟೆಗೆ ಒತ್ತಿ ಹಿಡಿದು ನನಗೆ ಬೆನ್ನು ತಿರುಗಿಸಿದಳು. ಹಗ್ಗವನ್ನು ಸೊಂಟದ ಹಿಂದೆ ಬಿಗಿಯಲು ಇನ್ನೊಬ್ಬರು ಬೇಕು. ಇಷ್ಟು ದಿನ ಯಾರು ಬಿಗಿಯುತ್ತಿದ್ದರೋ, ನಾನು ಒಂದು ದಿನವೂ ಬಂದು ನೋಡಿರಲಿಲ್ಲ. ಹಗ್ಗ ಒರಟಾಗಿತ್ತು. ನಾನು ಎಳೆದು ಗಂಟು ಹಾಕಲು ಹೋದೆ.

"ಇಷ್ಟು ಸಾಲದು. ಜಾರತ್ತೆ," ಅಂದಳು.

ಇನ್ನೂ ಎಳೆದೆ. ರೇಷ್ಮೆಯ ಮೇಲೆ ಹಗ್ಗ ಕಚ್ಚಿ ಕೂತಿತು.

"ನೋವಾಗಲ್ವೇನೇ?"

"ಆಗತ್ತೆ," ಅಂದಳು, ತಿರುಗಿ ನೋಡದೆ. "ಕಾಲು ಕೊಟ್ಟು ಎಳಿ, ಮಮ್ಮಾ."

ನಾನು ಚಪ್ಪಲಿ ಕಳಚಿ, ಮಣ್ಣಿನಲ್ಲಿ ಕಾಲೂರಿ, ಎರಡೂ ಕೈಯಿಂದ ಎಳೆದೆ.